ಪಂಚಾಶತ್ತಮ ಹಬ್ಬವೂ ಹಕ್ಕಲು ಕಾಳೂ

ಪುನರುತ್ಥಾನದ ಹಬ್ಬದಿಂದ ಎಣಿಸಿ ಐವತ್ತನೆಯ ದಿವಸದಲ್ಲಿ ಬರುವ ಪಂಚಾಶತ್ತಮ ಹಬ್ಬವನ್ನು ನಮ್ಮ ಸಭೆಗಳವರು ಪವಿತ್ರಾತ್ಮನು ಇಳಿದುಬಂದುದರ ಸ್ಮರಣೆಗಾಗಿ ಆಚರಿಸುವರು. ಬಿರುಗಾಳಿಯಂಥ ಶಬ್ದವನ್ನೂ, ಬೆಂಕಿಯಂಥ ನಾಲಿಗೆಗಳನ್ನೂ, ಒಂದೇ ದಿವಸದಲ್ಲಿ ಸುಮಾರು 3,000 ಮಂದಿ ಸಭೆಗೆ ಸೇರಿದುದನ್ನೂ ಕುರಿತು ಅನೇಕ ಪ್ರಸಂಗಗಳನ್ನು ಕೇಳಿದ್ದೇವೆ. ಆದರೆ ನಾನಾ ದೇಶಗಳ ಯೆಹೂದ್ಯರು ಆ ದಿವಸ ಯೆರೂಸಲೇಮಿನಲ್ಲಿ ಏತಕ್ಕೆ ನೆರೆದಿದ್ದರೆಂದು ಕೇಳಿದರೆ ಉತ್ತರ ಹೇಳುವವರು ಕೆಲವರೇ. ಅವರು ನೆರೆದದ್ದು ಗೋದಿಯ ಸುಗ್ಗಿಯ ಹಬ್ಬಕ್ಕೆ. ಹೊಸ ಗೋದಿಯ ಹಿಟ್ಟಿಗೆ ಹುಳಿಬೆರಸಿ ಸುಟ್ಟ ಎರಡು ರೊಟ್ಟಿಗಳನ್ನು ಆ ದಿವಸ ದೇವರಿಗೆ ಸಮರ್ಪಿಸತಕ್ಕದ್ದೆಂದು ಯಾಜಕಕಾಂಡದ 23ನೆಯ ಅಧ್ಯಾಯವು ವಿಧಿಸುತ್ತದೆ.

ಈ ಹಬ್ಬದ ನಿಯಮಗಳು ಮುಗಿಯುವುದು 22ನೆಯ ವಚನದಲ್ಲಿ. ಹೊಲದ ಅಂಚನ್ನು ಕೊಯ್ಯಬಾರದು, ಹಕ್ಕಲನ್ನು ಆಯಬಾರದು, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂಬುದು ಅದರ ತಾತ್ಪರ್ಯ. 19ನೆಯ ಅಧ್ಯಾಯದಲ್ಲಿ ಒಮ್ಮೆ ಹೇಳಿದ್ದನ್ನು ಇಲ್ಲಿ ತಿರುಗಿ ಹೇಳಿರುವುದೇಕೆ? ಅದಿಲ್ಲದೆ ಹಬ್ಬವು ಪೂರ್ತಿಯಾಗದೆಂಬುದೇ ಕಾರಣವೆಂದು ನಾನು ತಿಳಿಯುತ್ತೇನೆ.

ನಮ್ಮ ನಾಡಿನಲ್ಲಿ ಈ ಹಬ್ಬಕ್ಕೂ ಸುಗ್ಗಿಗೂ ಹೊಂದಿಕೆಯಿಲ್ಲ. ಅದು ಮೇ 10ರಿಂದ ಜೂನ್ 13ರೊಳಗೆ ಬರುತ್ತದೆ. ಆಗ ಕುಷ್ಟಗಿ, ಯಲಬುರ್ಗಾ ಸೀಮೆಯ ಒಕ್ಕಲಿಗರು ಹೊಲ ಹರಗಿ ರೋಹಿಣಿ ಮಳೆಗೆ ಮುಗಿಲು ನೋಡುತ್ತಿರುತ್ತಾರೆ. ಕೂಲಿಯವರ ಮನೆಯಲ್ಲಿ ಜೋಳದ ಚೀಲ ತಳಕಂಡಿರುತ್ತದೆ. ಸಮೃದ್ಧಿಯ ಹಬ್ಬವು ನಮಗೆ ಕೊರತೆಯ ದಿವಸಗಳಲ್ಲಿಯೇ ಬರುವುದರಿಂದ ಆ 22ನೆಯ ವಚನವು ನಮಗೆ ಇನ್ನಷ್ಟು ಹತ್ತಿರದ್ದಾಗಿರಬೇಕು.

ಹಕ್ಕಲೆಂದರೇನೆಂದು ನಮ್ಮ ಹುಡುಗಿಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಶೇಂಗಾ ಕಿತ್ತ ಹೊಲದಲ್ಲಿ ಕುಡುಗೋಲಿನ ತುದಿಯಿಂದ ಮಣ್ಣು ಕೆದರಿ, ಉಳಿದ ಕಾಯಿಗಳನ್ನು ಉಡಿಯಲ್ಲಿ ತುಂಬಿಕೊಳ್ಳುವ ತಾಯಂದಿರ ಮಕ್ಕಳು ಅವರಲ್ಲಿ ಅನೇಕರು. (ಗಂಗಾವತಿಯ ನೀರಾವರಿ ಗದ್ದೆಗಳಲ್ಲಿ ಈಗ ಭತ್ತವನ್ನು ಯಂತ್ರಗಳು ಕೊಯ್ಯುತ್ತವೆ. ಯಂತ್ರವು ಯಾಜಕಕಾಂಡವನ್ನು ಓದಿಲ್ಲ.) ಕೆಲವು ವರುಷಗಳ ಹಿಂದೆ ಎಂಟನೆಯ ತರಗತಿಯ ಒಬ್ಬಳು ಆರು ದಿವಸ ಶಾಲೆಗೆ ಬರಲಿಲ್ಲ. ಬಂದ ದಿವಸ ನಾನು ಅವಳನ್ನು ತರಗತಿಯ ಎದುರಿಗೆ ನಿಲ್ಲಿಸಿ ಶಿಸ್ತಿನ ವಿಷಯವಾಗಿ ದೀರ್ಘವಾಗಿ ಮಾತಾಡಿದೆನು. ಅವಳು ತಲೆಯೆತ್ತದೆ, “ಅವ್ವನ ಕೂಡ ಶೇಂಗಾ ಹಕ್ಕಲಾ ಆಯಾಕ ಹೋಗಿದ್ದೆರಿ, ಅಕ್ಕೋರ” ಅಂದಳು. ಕೆಲವು ಹುಡುಗಿಯರು ನಕ್ಕರು.

ಆ ಸಾಯಂಕಾಲದ ವೇದಪಾಠವು ರೂತಳ ಚರಿತ್ರೆಯಾಗಿತ್ತು. ಇಪ್ಪತ್ತು ವರುಷ ಕಲಿಸಿದ ಪಾಠ. ಬೋವಜನು ತನ್ನ ಆಳುಗಳಿಗೆ, ಅವಳು ಸಿವುಡುಗಳ ನಡುವೆ ಆಯ್ದುಕೊಂಡರೂ ಅವಳನ್ನು ನಾಚಿಕೆಪಡಿಸಬೇಡಿರೆಂದು ಆಜ್ಞಾಪಿಸಿದ ಸ್ಥಳಕ್ಕೆ ಬಂದಾಗ ನನ್ನ ಬಾಯಿ ಕಟ್ಟಿತು. ಕಾಳು ಬಿಡುವುದು ಧರ್ಮದ ಅರ್ಧವೇ. ಆಯುವವಳ ಮಾನವನ್ನು ಕಾಯುವುದು ಉಳಿದರ್ಧ. ಹಕ್ಕಲಾಯುವವಳು ಬೇಡುವವಳಲ್ಲ. ಅವಳು ತನ್ನ ಬೆನ್ನನ್ನೇ ಬಗ್ಗಿಸಿ ದುಡಿಯುವಳು, ದೇವರು ಅವಳಿಗೆಂದೇ ಬಿಡಿಸಿದ ಪಾಲನ್ನು ತೆಗೆದುಕೊಳ್ಳುವಳು.

ಇದು ಹಳೆಯ ಒಡಂಬಡಿಕೆಯ ಮಾತು, ನಮಗೇಕೆಂದು ಯಾರಾದರೂ ಕೇಳಬಹುದು. ಅಂಥವರು ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯವನ್ನು ಓದಲಿ. ಆತ್ಮಭರಿತವಾದ ಆ ಸಭೆಯಲ್ಲಿ ಎದ್ದ ಗುಣುಗುಟ್ಟುವಿಕೆ ಯಾವ ವಿಷಯವಾಗಿ? ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಅನ್ನ ಸರಿಯಾಗಿ ಸಿಕ್ಕುತ್ತಿಲ್ಲವೆಂದು. ಆ ಅನ್ನವನ್ನು ಬಡಿಸುವುದಕ್ಕೆ ಏಳು ಮಂದಿಯನ್ನು ಆರಿಸಿದಾಗ, ಅವರು ಪವಿತ್ರಾತ್ಮಭರಿತರಾಗಿರಬೇಕೆಂದು ಅಪೊಸ್ತಲರು ಕೇಳಿಕೊಂಡರು. ಪ್ರಸಂಗಕ್ಕಲ್ಲ, ಬಡಿಸುವುದಕ್ಕೆ! ಆತ್ಮನ ವರವನ್ನು ಗಟ್ಟಿಯಾದ ಪ್ರಾರ್ಥನೆಯಲ್ಲಿ ಮಾತ್ರ ಹುಡುಕುವ ನಮ್ಮ ಸಭೆಯ ಹಿರಿಯರು ಇದನ್ನು ಯೋಚಿಸಬೇಕು. ಸುಗ್ಗಿ ಆರಾಧನೆಯಲ್ಲಿ ಕಾಣಿಕೆಯ ಕುಂಬಳಕಾಯಿಯನ್ನು ಹರಾಜು ಕೂಗಿ, ಹೆಚ್ಚು ಕೊಟ್ಟವರ ಹೆಸರನ್ನು ಮಾತ್ರ ಮೆರೆಸುವ ಕಡೆಗಳಲ್ಲಿ ಹಿಂದಿನ ಸಾಲಿನ ಕೂಲಿ ಹೆಂಗಸರು ತಲೆ ತಗ್ಗಿಸುವುದನ್ನು ನಾನು ಕಂಡಿದ್ದೇನೆ.

ಸಂಬಳದವರಾದ ನಮಗೆ ಹೊಲವಿಲ್ಲ, ಅಂಚೂ ಇಲ್ಲವೆಂದು ಹೇಳಲಾಗದು. ಸಂಬಳಕ್ಕೂ ಅಂಚುಂಟು, ವೇಳೆಗೂ ಉಂಟು. ಶೇಂಗಾ ಕೀಳುವ ದಿವಸಗಳಲ್ಲಿ ತಪ್ಪಿದ ಪಾಠಗಳನ್ನು ಈಗ ನಮ್ಮ ಉಪಾಧ್ಯಾಯಿನಿಯರು ಸರದಿಯ ಮೇಲೆ ಸಂಜೆ ಹೇಳಿಕೊಡುತ್ತಾರೆ. ಆ ಹುಡುಗಿಯ ಆರು ದಿವಸಗಳ ಪಾಠವನ್ನು ಮಾರನೆಯ ದಿನವೇ ನಾನು ಕೂತು ಹೇಳಿಕೊಟ್ಟೆನು. ತರಗತಿಯ ಎದುರಿಗೆ ಅವಳ ಕ್ಷಮೆ ಕೇಳುವುದಕ್ಕೆ ಮಾತ್ರ ನನಗೆ ಇನ್ನೆರಡು ದಿವಸ ಬೇಕಾದವು.