ಸ್ಟಾಫ್ ರೂಮಿನ ಒಳಗೂ ಕೃತಜ್ಞತೆ ಇರಲಿ

ಸೆಪ್ಟೆಂಬರ್ 5 ಬಂತೆಂದರೆ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಹೂಗುಚ್ಛ, ಶಾಲು, ಹಾಡು, ಭಾಷಣ ಎಲ್ಲವೂ ಇರುತ್ತದೆ. ಡಾ. ರಾಧಾಕೃಷ್ಣನ್ ಅವರ ಹುಟ್ಟುಹಬ್ಬವನ್ನು 1962ರಿಂದ ಶಿಕ್ಷಕರ ದಿನವಾಗಿ ಆಚರಿಸುತ್ತಾ ಬಂದಿದ್ದೇವೆ. 1921ರಲ್ಲಿ ಅವರು ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಗಾಡಿಯನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದ ಸಂಗತಿಯನ್ನು ಅಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಶಿಷ್ಯರು ಗುರುಗಳನ್ನು ಗೌರವಿಸಿದ ಕಥೆಗಳು ನಮಗೆ ಬೇಕಾದಷ್ಟು ಗೊತ್ತು. ಒಬ್ಬ ಗುರು ತಮ್ಮ ಜೊತೆಯ ಇನ್ನೊಬ್ಬ ಗುರುವನ್ನು ನೆನೆದ ಕಥೆ ಎಷ್ಟು ಗೊತ್ತು?

ಅಂಥದ್ದೊಂದು ನಮ್ಮ ದೇಶದ ಶಿಕ್ಷಣದ ಚರಿತ್ರೆಯಲ್ಲಿದೆ. 1856ರ ಅಕ್ಟೋಬರ್‌ನಲ್ಲಿ ಸಾವಿತ್ರಿಬಾಯಿ ಫುಲೆ ಅನಾರೋಗ್ಯದಿಂದ ತವರೂರು ನಾಯಗಾಂವ್‌ನಲ್ಲಿದ್ದರು. ಅಲ್ಲಿಂದ ಪುಣೆಯಲ್ಲಿದ್ದ ಪತಿ ಜ್ಯೋತಿಬಾ ಅವರಿಗೆ ಬರೆದ ಪತ್ರದಲ್ಲಿ ಅವರು ಫಾತಿಮಾರನ್ನು ನೆನೆಯುತ್ತಾರೆ. ತಾನಿಲ್ಲದ್ದರಿಂದ ಫಾತಿಮಾಗೆ ಎಷ್ಟು ಕಷ್ಟವಾಗುತ್ತಿದೆಯೋ ಎಂಬ ಚಿಂತೆ, ಆದರೂ ಆಕೆ ಗೊಣಗುವವಳಲ್ಲ ಎಂಬ ನಂಬಿಕೆ, ಎರಡೂ ಆ ಮಾತಿನಲ್ಲಿವೆ. ಫಾತಿಮಾ ಶೇಖ್ ಬಗ್ಗೆ ಆ ಕಾಲದ ಬರಹಗಳು ಸಿಗುವುದು ಬಹಳ ಕಡಿಮೆ. ಸಿಗುವ ಸ್ವಲ್ಪದರಲ್ಲಿ ಮುಖ್ಯವಾದದ್ದು ಈ ಪತ್ರ. ಜೊತೆಗೆ ದುಡಿದವರು ಬರೆದಿಟ್ಟ ಒಂದು ಮಾತು ಅವರ ಹೆಸರನ್ನು ಇಲ್ಲಿಯವರೆಗೆ ತಂದಿದೆ.

ಅಧ್ಯಾಪಕರ ಕೆಲಸದಲ್ಲಿ ಹೊರಗಿನವರಿಗೆ ಕಾಣದ ಭಾಗ ಬಹಳ ಇದೆ. ಅದು ಕಾಣುವುದು ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಮಾತ್ರ. ಒಬ್ಬರು ಮಗುವಿಗೆ ಜ್ವರವೆಂದು ರಜೆ ಹಾಕಿದರೆ ಇನ್ನೊಬ್ಬರು ತಮ್ಮ ಬಿಡುವಿನ ಪೀರಿಯಡ್ ಬಿಟ್ಟುಕೊಟ್ಟು ಅವರ ತರಗತಿಗೆ ಹೋಗುತ್ತಾರೆ. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರ ಕೊನೆಯ ಅವಧಿಯನ್ನು ಉಪವಾಸವಿಲ್ಲದ ಸಹೋದ್ಯೋಗಿ ನೋಡಿಕೊಳ್ಳುತ್ತಾರೆ. ದೀಪಾವಳಿಗೆ ಊರಿಗೆ ಹೊರಟವರ ಇನ್ವಿಜಿಲೇಷನ್ ಪಾಳಿಯನ್ನು ಬೇರೊಬ್ಬರು ಹೊರುತ್ತಾರೆ. ಶುಕ್ರವಾರ ಜುಮಾ ಸಮಯದಲ್ಲಿ ಕ್ಯಾಂಪಸ್ ನೋಡಿಕೊಳ್ಳುವವರು ಮತ್ತೊಬ್ಬರು. ಇದೆಲ್ಲ ಒಂದು ರಿಜಿಸ್ಟರಿನಲ್ಲಿ ಸಹಿಯಾಗಿ ಮುಗಿದುಹೋಗುತ್ತದೆ.

ಫಲಿತಾಂಶ ಬಂದಾಗಲೂ ಹೀಗೆಯೇ. ದ್ವಿತೀಯ ಪಿಯುಸಿಯ ಒಟ್ಟು ಅಂಕ 600. ಅದರಲ್ಲಿ ಎರಡು ಭಾಷೆಗಳಿಗೇ 200, ಅಂದರೆ ಮೂರನೇ ಒಂದು ಭಾಗ. ಆದರೆ ಗೇಟಿನ ಮುಂದೆ ಫ್ಲೆಕ್ಸ್ ಹಾಕಿದ ದಿನ ಅಭಿನಂದನೆ ಹೆಚ್ಚಾಗಿ ಸಲ್ಲುವುದು ಭೌತಶಾಸ್ತ್ರ, ಗಣಿತ, ಅಕೌಂಟೆನ್ಸಿಯವರಿಗೆ. ಕನ್ನಡ, ಉರ್ದು, ಅರೇಬಿಕ್, ಹಿಂದಿ, ಇಂಗ್ಲಿಷ್ ಉಪನ್ಯಾಸಕರು ಎಲೆಮರೆಯ ಕಾಯಿಗಳಾಗಿಯೇ ಉಳಿಯುತ್ತಾರೆ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪಬ್ಲಿಕ್ ಪರೀಕ್ಷೆ ನಡೆಯುವ ಪದ್ಧತಿ ಬಂದಿದೆ. ಪರೀಕ್ಷೆ-1ರಲ್ಲಿ ಹಿಂದೆ ಬಿದ್ದವರನ್ನು ಏಪ್ರಿಲ್ ಬಿಸಿಲಿನಲ್ಲಿ ಕೂರಿಸಿಕೊಂಡು ಪರೀಕ್ಷೆ-2ಕ್ಕೆ ತಯಾರು ಮಾಡುವವರ ಫೋಟೊ ಯಾವ ಫ್ಲೆಕ್ಸಿನಲ್ಲೂ ಬರುವುದಿಲ್ಲ. ರ‍್ಯಾಂಕ್ ಬಂದವರನ್ನು ಎತ್ತರಕ್ಕೆ ಏರಿಸುವಷ್ಟೇ ಕಷ್ಟದ ಕೆಲಸ 30 ಅಂಕದವರನ್ನು ದಡ ಮುಟ್ಟಿಸುವುದು. ಇದು ಪಾಠ ಮಾಡುವವರೆಲ್ಲರಿಗೂ ಗೊತ್ತು, ಆದರೆ ಬಾಯಿ ಬಿಟ್ಟು ಹೇಳುವವರು ಕಡಿಮೆ.

ಇದರಲ್ಲಿ ವಿದ್ಯಾರ್ಥಿಗಳಿಗೇನು ಎಂದು ಕೇಳಬಹುದು. ನಷ್ಟ ಬೀಳುವುದು ನಮಗೇ. ಖಾಸಗಿ ಕಾಲೇಜುಗಳಲ್ಲಿ ಉಪನ್ಯಾಸಕರು ವರ್ಷದ ಮಧ್ಯೆ ಕೆಲಸ ಬಿಟ್ಟು ಹೋಗುವುದು ಅಪರೂಪವಲ್ಲ. ಡಿಸೆಂಬರಿನಲ್ಲಿ ಹೊಸಬರು ಬಂದರೆ ಅವರ ವಿಧಾನಕ್ಕೆ ನಾವು ಹೊಂದಿಕೊಳ್ಳುವಷ್ಟರಲ್ಲಿ ಪ್ರಿಪರೇಟರಿ ಪರೀಕ್ಷೆ ಎದುರಿಗೆ ಬಂದಿರುತ್ತದೆ. ಹೋಗುವವರೆಲ್ಲ ಸಂಬಳಕ್ಕಾಗಿಯೇ ಹೋಗುತ್ತಾರೆ ಎನ್ನಲಾಗದು. ನಾನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ಅನ್ನಿಸಿದ ಜಾಗದಲ್ಲಿ ಯಾರಿಗೂ ಬಹಳ ದಿನ ಮನಸ್ಸು ನಿಲ್ಲುವುದಿಲ್ಲ.

ಹಾಗೆಂದು ಹೊಗಳಿಕೆಯಿಂದ ಹೊಟ್ಟೆ ತುಂಬುವುದಿಲ್ಲ. ಅನುದಾನಿತ ಹುದ್ದೆಯಲ್ಲಿರುವವರು, ಆಡಳಿತ ಮಂಡಳಿಯೇ ಸಂಬಳ ಕೊಡುವವರು, ಗಂಟೆ ಲೆಕ್ಕದ ಅತಿಥಿ ಉಪನ್ಯಾಸಕರು, ಎಲ್ಲರೂ ಒಂದೇ ಸಿಲೆಬಸ್ ಬೋಧಿಸಿದರೂ ತಿಂಗಳ ಕೊನೆಗೆ ಕೈಗೆ ಬರುವುದು ಬೇರೆ ಬೇರೆ. ಶಾಲು ಹೊದಿಸಿ ಈ ಅಂತರವನ್ನು ಮುಚ್ಚಲಾಗದು. ಸಂಬಳ ಸಮಯಕ್ಕೆ ಸರಿಯಾಗಿ ಸಿಗಬೇಕು, ಕೆಲಸದ ಭದ್ರತೆ ಇರಬೇಕು. ಆ ಜವಾಬ್ದಾರಿ ಆಡಳಿತ ಮಂಡಳಿಗಳದ್ದು. ಆದರೆ ಮನ್ನಣೆಗೆ ಸಂಬಳ ಹೆಚ್ಚುವವರೆಗೆ ಕಾಯಬೇಕಾಗಿಲ್ಲ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬ ಅರ್ಥದ ಪ್ರವಾದಿ ವಚನವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅದು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತುಬಿಡಬಾರದು.

ಮಾಡಬಹುದಾದದ್ದು ದೊಡ್ಡದೇನಲ್ಲ. ತಿಂಗಳ ಸ್ಟಾಫ್ ಮೀಟಿಂಗ್ ಸುತ್ತೋಲೆ, ಟಾರ್ಗೆಟ್‌ಗಳಿಂದ ಶುರುವಾಗುವ ಬದಲು ಮೊದಲ ಹತ್ತು ನಿಮಿಷ ಸಹೋದ್ಯೋಗಿಗಳ ಕೆಲಸವನ್ನು ನೆನೆಯಲು ಇರಲಿ. ಇವರು ನನ್ನ ಪ್ರಾಕ್ಟಿಕಲ್ ಬ್ಯಾಚ್ ನೋಡಿಕೊಂಡರು, ಅವರು ನನ್ನ ತರಗತಿಯ ಹುಡುಗನ ಮನೆಗೆ ಹೋಗಿ ಮಾತಾಡಿ ಬಂದರು ಎಂದು ಹೆಸರು ಹಿಡಿದು ಹೇಳಲಿ. ಹೊಸದಾಗಿ ಸೇರಿದವರ ಜೊತೆ ಮೊದಲ ಮೂರು ತಿಂಗಳು ಒಬ್ಬ ಹಿರಿಯರು ಇರಲಿ. ಫಲಿತಾಂಶದ ಫ್ಲೆಕ್ಸಿನಲ್ಲಿ ಎಲ್ಲ ವಿಷಯಗಳ ಉಪನ್ಯಾಸಕರ ಹೆಸರಿನ ಜೊತೆ ಲ್ಯಾಬ್ ಅಟೆಂಡರ್, ಗ್ರಂಥಪಾಲಕರ ಹೆಸರೂ ಬರಲಿ. ಇಫ್ತಾರ್ ಕೂಟದಲ್ಲಿ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗದವರು ಒಂದೇ ಸಾಲಿನಲ್ಲಿ ಕೂತು ಖರ್ಜೂರ ಹಂಚಿಕೊಳ್ಳುತ್ತಾರೆ. ಆ ಸಾಲು ವರ್ಷಕ್ಕೊಂದು ಸಂಜೆಗೆ ಮುಗಿಯದೆ ವಾರಕ್ಕೊಂದು ಚಹಾದ ಹೊತ್ತಿಗೂ ಮುಂದುವರಿಯಲಿ.

ನಮ್ಮ ಪಾಲಿನದ್ದೂ ಸ್ವಲ್ಪ ಇದೆ. ಒಬ್ಬ ಉಪನ್ಯಾಸಕರ ಎದುರು ಇನ್ನೊಬ್ಬರ ಪಾಠವನ್ನು ಹೋಲಿಸಿ ಆಡುವುದನ್ನು ನಾವು ವಿದ್ಯಾರ್ಥಿಗಳು ಬಿಡಬೇಕು. ಇನ್ನೊಂದು ಸಲಹೆ ಈ ವಾರ್ತಾಪತ್ರದ ಸಂಪಾದಕ ಬಳಗಕ್ಕೆ. ಪ್ರತಿ ಸಂಚಿಕೆಯಲ್ಲಿ ಅರ್ಧ ಪುಟ ಮೀಸಲಿಡಿ. ಅಲ್ಲಿ ವಿದ್ಯಾರ್ಥಿಗಳು ಬರೆಯುವುದು ಬೇಡ. ಒಬ್ಬ ಉಪನ್ಯಾಸಕರು ತಮ್ಮ ಜೊತೆ ದುಡಿಯುವ ಇನ್ನೊಬ್ಬರ ಬಗ್ಗೆ ಬರೆಯಲಿ. ಓದಲು ನಾವಿದ್ದೇವೆ.