ಪರದೆಯನ್ನು ಮೀರಿದ ಕ್ರಮವಿಧಿ, ಹೆಸರಿಡುವ ವಿದ್ಯೆ

ಗಣಕದ ಕ್ರಮವಿಧಿ, ಎಂದರೆ ಪ್ರೋಗ್ರಾಂ, ಅಳತೆಮೀರಿ ಬೆಳೆದಾಗ ಅದನ್ನು ಹಿಡಿತದಲ್ಲಿಡುವ ಬಗೆ ಯಾವುದು? ಇದು ಗಣಕ ವಿಜ್ಞಾನದವರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಆ ಪ್ರಶ್ನೆಯ ದೊಡ್ಡ ಪಾಲು ಭಾಷೆಗೆ ಸೇರಿದ್ದು; ಆದ್ದರಿಂದ ಭಾಷೆಯನ್ನು ಕಲಿಸುವವರೂ ಕಲಿಯುವವರೂ ಅದಕ್ಕೆ ಕಿವಿಗೊಡಬೇಕೆಂಬುದು ಈ ಬರಹದ ಅಭಿಪ್ರಾಯ.

ಅಕ್ಷರಗಳನ್ನು ಟೈಪ್ ಮಾಡುವ ಬದಲು ಚಿತ್ರರೂಪದ ತುಣುಕುಗಳನ್ನು ಜೋಡಿಸಿ ಕ್ರಮವಿಧಿ ರಚಿಸುವ ಪದ್ಧತಿ ಹೊಸದಲ್ಲ. ಪ್ರಯೋಗಾಲಯಗಳ ಅಳತೆ ಕಾರ್ಯಕ್ಕೆಂದು ಲ್ಯಾಬ್‌ವ್ಯೂ 1986ರಲ್ಲಿ ಬಂದಿತು. ಮಕ್ಕಳಿಗೆಂದು ಎಂಐಟಿ ಮೀಡಿಯಾ ಲ್ಯಾಬ್ ರೂಪಿಸಿದ ಸ್ಕ್ರಾಚ್ 2007ರಲ್ಲಿ ಸಾರ್ವಜನಿಕರ ಕೈಸೇರಿತು. ತಮಿಳುನಾಡಿನ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿಯೂ ಸ್ಕ್ರಾಚ್‌ನ ಪರಿಚಯವಿದೆ. ಹೀಗಾಗಿ ಉದಕಮಂಡಲದಿಂದ ಗೂಡಲೂರಿಗೆ ಇಳಿಯುವ ದಾರಿಯ ನಡುವಟ್ಟಂನಂತಹ ಊರಿನ ವಿದ್ಯಾರ್ಥಿಗೂ ಇಂದು ಈ ಬಣ್ಣದ ಬ್ಲಾಕುಗಳು ಅಪರಿಚಿತವಲ್ಲ.

ಅಂತಹ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಚಹಾ ಎಲೆ ಪುಡಿಯಾಗುವ ಬಗೆಯನ್ನು ಸ್ಕ್ರಾಚ್‌ನಲ್ಲಿ ತೋರಿಸಲು ಹೊರಟಳೆಂದು ಭಾವಿಸೋಣ. ಎಲೆಯನ್ನು ಬಾಡಿಸಬೇಕು, ಹೊಸೆಯಬೇಕು, ಹುದುಗಿಸಬೇಕು, ಒಣಗಿಸಬೇಕು, ಕಡೆಗೆ ಜರಡಿ ಹಿಡಿದು ಬೇರ್ಪಡಿಸಬೇಕು. ಮೊದಲ ದಿನ ಇಪ್ಪತ್ತು ಬ್ಲಾಕುಗಳು ಸಾಕಾಗುತ್ತವೆ. ತಿಂಗಳು ಕಳೆಯುವಷ್ಟರಲ್ಲಿ ಅವು ಮುನ್ನೂರಾಗುತ್ತವೆ. ಬರಹರೂಪದ ಕ್ರಮವಿಧಿ ಉದ್ದಕ್ಕೆ ಬೆಳೆಯುತ್ತದೆ. ಚಿತ್ರರೂಪದ್ದು ಉದ್ದಗಲಗಳೆರಡಕ್ಕೂ ಹರಡುತ್ತದೆ. ಒಂದು ತುದಿಯನ್ನು ನೋಡುವಾಗ ಇನ್ನೊಂದು ತುದಿ ಪರದೆಯಿಂದ ಆಚೆ ಸರಿದಿರುತ್ತದೆ. ಒಂದು ನೋಟಕ್ಕೆ ಎಲ್ಲವೂ ಕಾಣುವುದೆಂಬ ಗುಣಕ್ಕಾಗಿಯೇ ಆರಿಸಿಕೊಂಡ ಮಾಧ್ಯಮದಲ್ಲಿ ಏನೂ ಕಾಣದಂತಾಗುತ್ತದೆ.

ಆಗ ಸಾಮಾನ್ಯವಾಗಿ ಮೂರು ಉಪಾಯಗಳು ಹೊಳೆಯುತ್ತವೆ. ಚಿತ್ರವನ್ನು ಕುಗ್ಗಿಸಿ ನೋಡುವುದು ಮೊದಲನೆಯದು. ಆಗ ಬ್ಲಾಕುಗಳು ಕಂಡರೂ ಅವುಗಳ ಮೇಲಿನ ಮಾತು ಓದಲು ಬಾರದು. ದೊಡ್ಡ ಪರದೆಯನ್ನು ತರುವುದು ಎರಡನೆಯದು. ಕ್ರಮವಿಧಿ ಅದನ್ನೂ ಬೇಗನೆ ತುಂಬುತ್ತದೆ. ಬ್ಲಾಕುಗಳನ್ನು ಓರಣಗೊಳಿಸುವ ಸೌಲಭ್ಯವನ್ನು ಬಳಸುವುದು ಮೂರನೆಯದು; ಅದು ಗುಂಪುಗಳನ್ನು ಸಾಲಾಗಿ ನಿಲ್ಲಿಸುತ್ತದೆಯೇ ಹೊರತು ಯಾವುದು ಏಕಿದೆಯೆಂದು ಹೇಳುವುದಿಲ್ಲ.

ನಿಜವಾದ ಪರಿಹಾರ ವಿಂಗಡಣೆ. ಐದು ಕೆಲಸಗಳಿಗೆ ಐದು ಸ್ವಂತ ಬ್ಲಾಕುಗಳನ್ನು ನಿರ್ಮಿಸಿ, ಪ್ರತಿಯೊಂದರ ವಿವರವನ್ನು ಅದರೊಳಗೆ ಇರಿಸಿದರೆ ಮುಖ್ಯ ಕ್ರಮವಿಧಿ ಐದೇ ಸಾಲಿನದಾಗುತ್ತದೆ: ಬಾಡಿಸು, ಹೊಸೆ, ಹುದುಗಿಸು, ಒಣಗಿಸು, ಬೇರ್ಪಡಿಸು. ಲ್ಯಾಬ್‌ವ್ಯೂನಲ್ಲಿ ಇದೇ ಕೆಲಸವನ್ನು ಸಬ್ ವಿಐ ಎಂಬ ಉಪಕ್ರಮವಿಧಿಗಳು ಮಾಡುತ್ತವೆ. ಸ್ಕ್ರಾಚ್‌ಗೆ ಈ ಅನುಕೂಲ ದೊರೆತದ್ದು 2013ರ ಎರಡನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲೇ ಯೆನ್ಸ್ ಮ್ಯೋನಿಗ್ ಮತ್ತು ಬ್ರಯಾನ್ ಹಾರ್ವೆ ‘ಬಿಲ್ಡ್ ಯುವರ್ ಓನ್ ಬ್ಲಾಕ್ಸ್’ ಎಂಬ ಕವಲನ್ನು ಬೆಳೆಸಿದ್ದರು. ಅದೇ ಮುಂದೆ ಸ್ನ್ಯಾಪ್ ಆಯಿತು. ನಿಮ್ಮ ಬ್ಲಾಕುಗಳನ್ನು ನೀವೇ ಕಟ್ಟಿಕೊಳ್ಳಿ ಎಂಬ ಆ ಹೆಸರೇ ಕೊರತೆ ಎಲ್ಲಿತ್ತೆಂಬುದನ್ನು ಸಾರುತ್ತದೆ.

ಆದರೆ ಎಲ್ಲಿ ಕತ್ತರಿಸಬೇಕು? ಇಪ್ಪತ್ತು ಬ್ಲಾಕಿಗೊಂದರಂತೆ ತುಂಡರಿಸುವುದು ವಿಂಗಡಣೆಯಾಗದು. ಡೇವಿಡ್ ಪಾರ್ನಸ್ 1972ರ ಪ್ರಬಂಧವೊಂದರಲ್ಲಿ ಇದಕ್ಕೆ ಒಳ್ಳೆಯ ಅಳತೆಗೋಲನ್ನು ಕೊಟ್ಟರು: ಮುಂದೆ ಬದಲಾಗಬಹುದಾದ ಪ್ರತಿಯೊಂದು ನಿರ್ಧಾರವನ್ನೂ ಒಂದೊಂದು ಭಾಗದೊಳಗೆ ಅಡಗಿಸಿಡಬೇಕು. ಮಳೆಗಾಲದ ತೋಯ್ದ ಎಲೆ ಬಾಡಲು ಹೆಚ್ಚು ಹೊತ್ತು ಬೇಕು. ಆ ಹೊತ್ತಿನ ಲೆಕ್ಕ ‘ಬಾಡಿಸು’ ಎಂಬುದರೊಳಗೆ ಮಾತ್ರ ಇದ್ದರೆ ಒಂದೇ ಕಡೆ ತಿದ್ದಿದರೆ ಸಾಕು. ಅದು ಹತ್ತು ಕಡೆ ಚದುರಿದ್ದರೆ ಒಂಬತ್ತನ್ನು ತಿದ್ದಿ ಹತ್ತನೆಯದನ್ನು ಮರೆಯುವುದು ಖಂಡಿತ.

ಕನ್ನಡದ ಓದುಗನಿಗೆ ಈ ತತ್ತ್ವ ಹೊಸದಾಗಿ ತೋರಬೇಕಿಲ್ಲ. ಕುಮಾರವ್ಯಾಸನ ಭಾರತ 10 ಪರ್ವಗಳ, 152 ಸಂಧಿಗಳ ಮಹಾಕೃತಿ. ಸಂಧಿಯ ಆರಂಭದಲ್ಲಿ ಸೂಚನಾ ಪದ್ಯವಿರುತ್ತದೆ. ಮುಂದೆ ನಡೆಯಲಿರುವುದನ್ನು ಅದು ಅಡಕವಾಗಿ ತಿಳಿಸುತ್ತದೆ. ಇಡೀ ಕಾವ್ಯವನ್ನು ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿಯಲಾರದವನೂ ಸೂಚನೆಗಳ ನೆರವಿನಿಂದ ತಾನೆಲ್ಲಿದ್ದೇನೆಂದು ಅರಿಯಬಲ್ಲ. ಉಪಕ್ರಮವಿಧಿಗೆ ಅರ್ಥವತ್ತಾದ ಹೆಸರನ್ನೂ ಒಂದು ಸಾಲಿನ ಟಿಪ್ಪಣಿಯನ್ನೂ ಕೊಡುವುದೆಂದರೆ ಅದಕ್ಕೊಂದು ಸೂಚನಾ ಪದ್ಯ ಬರೆದಂತೆಯೇ.

ನಮ್ಮ ಆತಂಕ ಇರುವುದು ಇಲ್ಲಿಯೇ. ಸ್ಕ್ರಾಚ್ ತಾನಾಗಿ ಕೊಡುವ ಹೆಸರುಗಳು ‘ಸ್ಪ್ರೈಟ್1’, ‘ಮೆಸೇಜ್1’, ‘ಮೈ ವೇರಿಯಬಲ್’ ಎಂಬಂಥವು. ಅವನ್ನು ಹಾಗೆಯೇ ಬಿಟ್ಟರೆ ವಿಂಗಡಣೆ ಮಾಡಿಯೂ ವ್ಯರ್ಥ. ಅವನ್ನು ಬದಲಿಸಲು ಮಗುವಿಗೆ ಮಾತು ಬೇಕು. ನೀಲಗಿರಿಯ ಮಕ್ಕಳಲ್ಲಿ ಮನೆಯಲ್ಲಿ ಬಡಗ ಆಡುವವರಿದ್ದಾರೆ, ಕನ್ನಡ ಆಡುವವರಿದ್ದಾರೆ, ಮಲಯಾಳಂ ಆಡುವವರಿದ್ದಾರೆ, ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳವರಿದ್ದಾರೆ. ಅರೆಬರೆ ತಿಳಿದ ಇಂಗ್ಲಿಷಿನಲ್ಲಿಯೇ ಹೆಸರಿಡಬೇಕೆಂಬ ಮೌನನಿಯಮವಿದ್ದರೆ ಆ ಮಗು ‘ಮೆಸೇಜ್2’ ಎಂದು ಬಿಟ್ಟು ಮುಂದೆ ಹೋಗುತ್ತದೆ. ‘ಹೊಸೆ’ ಎಂಬ ಕ್ರಿಯಾಪದ ಬಲ್ಲವಳಿಗೆ ಅದನ್ನು ಬರೆಯಲು ಅನುಮತಿ ಇಲ್ಲವೆಂದಾದರೆ ಕಳೆದುಹೋಗುವುದು ಒಂದು ಪದವಷ್ಟೇ ಅಲ್ಲ, ತನ್ನ ಯೋಚನೆಯನ್ನು ಭಾಗಮಾಡಿ ನೋಡುವ ಶಕ್ತಿಯೂ ಹೌದು. ಸ್ಕ್ರಾಚ್ ಸ್ವಂತ ಬ್ಲಾಕಿನ ಹೆಸರನ್ನು ಕನ್ನಡ ಲಿಪಿಯಲ್ಲಿಯೂ ತಮಿಳು ಲಿಪಿಯಲ್ಲಿಯೂ ಸ್ವೀಕರಿಸುತ್ತದೆ. ಅಡ್ಡಿಯಿರುವುದು ಯಂತ್ರದಲ್ಲಲ್ಲ, ನಮ್ಮ ರೂಢಿಯಲ್ಲಿ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಉದ್ಯೋಗರಂಗದಲ್ಲಿ ಇಂಗ್ಲಿಷ್ ಹೆಸರುಗಳೇ ನಡೆಯುತ್ತವೆ, ಈಗಲೇ ಅಭ್ಯಾಸವಾಗಲಿ ಎಂಬುದು ಮೊದಲನೆಯದು. ಬೇರೆ ನಾಡಿನವರೊಡನೆ ಹಂಚಿಕೊಳ್ಳುವ ಕೆಲಸಕ್ಕೆ ಅದು ಸರಿ. ಹೆಸರಿಡುವ ಶಿಸ್ತನ್ನು ಕಲಿಯುವ ಹಂತಕ್ಕೆ ಅದು ಸಲ್ಲದು. ಒಮ್ಮೆ ಬಂದ ಶಿಸ್ತನ್ನು ಇನ್ನೊಂದು ಭಾಷೆಗೆ ಒಯ್ಯುವುದು ಸುಲಭ, ಬಾರದ ಶಿಸ್ತನ್ನು ಒಯ್ಯಲಾಗದು. ಚಿತ್ರರೂಪದ ಕ್ರಮವಿಧಿ ಆಟಿಕೆ, ಬೆಳೆದರೆ ಬರಹರೂಪದ ಭಾಷೆಗೆ ಹೋಗಲಿ ಎಂಬುದು ಎರಡನೆಯದು. ಸ್ಕ್ರಾಚ್‌ಗೆ ಮಿತಿಗಳಿರುವುದು ನಿಜ: ಅಲ್ಲಿನ ಸ್ವಂತ ಬ್ಲಾಕು ಒಂದು ಸ್ಪ್ರೈಟಿಗೆ ಮಾತ್ರ ಸೇರಿರುತ್ತದೆ, ಇನ್ನೊಂದಕ್ಕೆ ನಕಲು ಮಾಡಿದರೆ ಎರಡನ್ನೂ ಬೇರೆಬೇರೆ ತಿದ್ದಬೇಕು. ಲೆಕ್ಕದ ಫಲವನ್ನು ನೇರವಾಗಿ ಹಿಂದಿರುಗಿಸಲೂ ಅದಕ್ಕೆ ಬಾರದು. ಆ ಮಿತಿ ಅನುಭವಕ್ಕೆ ಬಂದಾಗ ಸ್ನ್ಯಾಪ್‌ಗೋ ಪೈಥಾನ್‌ಗೋ ಹೋಗುವುದು ಯುಕ್ತವೇ. ಆದರೆ ಹೆಸರಿಲ್ಲದ ಮುನ್ನೂರು ಬ್ಲಾಕುಗಳನ್ನು ಬಿಟ್ಟು ಹೋದವರು ಅಲ್ಲಿಯೂ ಹೆಸರಿಲ್ಲದ ಮೂರು ಸಾವಿರ ಸಾಲುಗಳನ್ನೇ ಬರೆಯುತ್ತಾರೆ.

ಆದ್ದರಿಂದ ನಮ್ಮ ವಿಭಾಗಕ್ಕೆ ಒಂದು ಸಲಹೆ. ಗಣಕ ವಿಜ್ಞಾನ ವಿಭಾಗದೊಡನೆ ಸೇರಿ ವಾರಕ್ಕೊಂದು ಅವಧಿಯನ್ನು ಇದಕ್ಕೆ ಮೀಸಲಿಡೋಣ. ಒಬ್ಬರು ರಚಿಸಿದ ಕ್ರಮವಿಧಿಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದಲಿ. ಓದು ಎಲ್ಲಿ ತಡವರಿಸುತ್ತದೆಯೋ ಅಲ್ಲಿ ಒಂದು ಹೆಸರು ತಪ್ಪಿದೆ, ಇಲ್ಲವೆ ಎರಡು ಕೆಲಸಗಳು ಒಂದರಲ್ಲಿ ಸಿಲುಕಿವೆ ಎಂದರ್ಥ. ಅಲ್ಲಿ ಬೇಕಾದ ಕ್ರಿಯಾಪದವನ್ನು ಹುಡುಕಿಕೊಡುವುದು ಸಾಹಿತ್ಯದ ವಿದ್ಯಾರ್ಥಿಯ ಪಾಲಿನ ಕೆಲಸವಾಗಲಿ. ಬ್ಲಾಕುಗಳನ್ನು ಜೋಡಿಸಲು ಯಾರಾದರೂ ಕಲಿಸಬಲ್ಲರು. ಹುರಿಯುವುದಕ್ಕೂ ಬಾಡಿಸುವುದಕ್ಕೂ ಇರುವ ಅಂತರವನ್ನು ಒಂದೇ ಪದದಲ್ಲಿ ಹಿಡಿದಿಡುವುದನ್ನು ಕಲಿಸಬೇಕಾದವರು ನಾವು.