ಎಂಟು ನಿಮಿಷದ ಸಂಶೋಧನೆ

ಬೆಲ್ ಒತ್ತಿದ್ದು ನಾನೇ. ಅದನ್ನ ಮೊದಲೇ ಹೇಳಿಬಿಡ್ತೀನಿ.

ಬೆಂಗಳೂರಿನ ಒಂದು ಎಂಬಿಎ ಕಾಲೇಜಿನವರು ನನ್ನನ್ನು ‘ಇಂಡಸ್ಟ್ರಿ ಎಕ್ಸ್‌ಪರ್ಟ್’ ಅಂತ ಕರೆದಿದ್ದರು. ಅಂತಾರಾಷ್ಟ್ರೀಯ ಸಮ್ಮೇಳನ. ಅಂತಾರಾಷ್ಟ್ರೀಯ ಹೇಗೆ ಅಂದ್ರೆ, ದುಬೈನಿಂದ ಒಬ್ಬರು ಜೂಮ್‌ನಲ್ಲಿ ಐದು ನಿಮಿಷ ಶುಭ ಹಾರೈಸಿದರು. ಪ್ರಾರ್ಥನೆ, ದೀಪ, ಪ್ರಾಸ್ತಾವಿಕ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಆಡಳಿತ ಮಂಡಳಿ ಅಧ್ಯಕ್ಷರ ಭಾಷಣ, ಎಲ್ಲ ಮುಗಿದು ವಂದನಾರ್ಪಣೆ ಆಗುವಾಗ ಮಧ್ಯಾಹ್ನ ಹನ್ನೆರಡೂವರೆ. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆಮೇಲೆ ಉಳಿದ ಮೂರು ಗಂಟೆಯಲ್ಲಿ, ನಾಲ್ಕು ಕೋಣೆಗಳಲ್ಲಿ, 70 ಪೇಪರ್‌ಗಳು. ಒಬ್ಬೊಬ್ಬರಿಗೆ 8 ನಿಮಿಷ, ಪ್ರಶ್ನೆಗೆ 2 ನಿಮಿಷ. ಪ್ರಶ್ನೆ ಯಾರೂ ಕೇಳಲಿಲ್ಲ. ತಮ್ಮ ಸರದಿ ಮುಗಿಸಿದವರು ಸರ್ಟಿಫಿಕೇಟ್ ಇಸ್ಕೊಂಡು ಬಸ್ ಹಿಡಿಯುತ್ತಿದ್ದರು.

ನನ್ನ ಕೋಣೆಯಲ್ಲಿ ಹನ್ನೊಂದನೆಯವರು ತುಮಕೂರು ಕಡೆಯ ಒಬ್ಬ ಅತಿಥಿ ಉಪನ್ಯಾಸಕಿ. ವಿಷಯ ಪಿಗ್ಮಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಶುರು ಮಾಡಿದ, ದಿನಕ್ಕೆ ಎರಡಾಣೆ ಕೊಟ್ಟರೂ ಮನೆ ಬಾಗಿಲಲ್ಲೇ ಜಮಾ ಮಾಡಿಕೊಳ್ಳುತ್ತಿದ್ದ ಅದೇ ಪಿಗ್ಮಿ. ಈಯಮ್ಮ ಆರು ತಿಂಗಳು ಸಂಜೆ ಹೊತ್ತು ಒಬ್ಬ ಪಿಗ್ಮಿ ಕಲೆಕ್ಟರ್ ಹಿಂದೆ ಅಂಗಡಿ ಅಂಗಡಿ ತಿರುಗಿದ್ದರು. ಕ್ಯೂಆರ್ ಕೋಡ್ ಅಂಟಿಸಿಕೊಂಡಿರುವ ಹೂವಿನವಳು, ಟೀ ಅಂಗಡಿಯವನು ಇವತ್ತಿಗೂ ಕಲೆಕ್ಟರ್ ಕೈಗೆ ನೋಟು ಯಾಕೆ ಕೊಡ್ತಾರೆ ಅನ್ನೋದು ಅವರ ಪ್ರಶ್ನೆ. ಫೋನಿಗೆ ಬಂದ ದುಡ್ಡು ಫೋನಿಂದಲೇ ಹೋಗಿಬಿಡುತ್ತೆ, ಈ ಮನುಷ್ಯ ದಿನಾ ಬಂದು ಎದುರಿಗೆ ನಿಂತರೆ ಇಲ್ಲ ಅನ್ನೋಕೆ ನಾಚಿಕೆಯಾಗುತ್ತೆ, ಅಂದಿದ್ದಳಂತೆ ಹೂವಿನವಳು. ಫಿನ್‌ಟೆಕ್ ಕಂಪನಿಯಲ್ಲಿ ಉಳಿತಾಯದ ಆ್ಯಪ್ ಮಾಡುವ ನನಗೆ ಬೆನ್ನು ನೆಟ್ಟಗಾಯ್ತು. ಅಷ್ಟರಲ್ಲಿ ವಾಲಂಟಿಯರ್ ಹುಡುಗ ಕೈಗಡಿಯಾರ ತೋರಿಸಿದ. ಒತ್ತಿದೆ. ‘ಸರ್, ಇನ್ನೊಂದೇ ಸ್ಲೈಡ್ ಸರ್’ ಅಂದ್ರು. ಆ ಸ್ಲೈಡಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನೋಂದಣಿಗೆ 2,500 ರೂಪಾಯಿ, ಅದೂ ತಿಂಗಳುಗಟ್ಟಲೆ ಬಾರದ ಸಂಬಳದಿಂದ.

ಈ ಜಾತ್ರೆ ಸುಮ್ಮನೆ ಹುಟ್ಟಿದ್ದಲ್ಲ. 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಎಪಿಐ ಅಂಕಗಳನ್ನು ತಂದಿತು. ಸೆಮಿನಾರ್‌ನಲ್ಲಿ ಪೇಪರ್ ಓದಿದರೂ ಅಂಕ. 2016ರ ನಿಯಮದಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಜರ್ನಲ್ ಲೇಖನ, ಎರಡು ಸಮ್ಮೇಳನಗಳಲ್ಲಿ ಮಂಡನೆ ಕಡ್ಡಾಯವಾಯ್ತು. ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯೋದನ್ನ ಎಂಬಿಎ ಕಾಲೇಜಿಗೆ ಯಾರಾದರೂ ಹೇಳಿಕೊಡಬೇಕಾ? ದುಡ್ಡು ಕೊಟ್ಟರೆ ಅಚ್ಚು ಹಾಕುವ ಜರ್ನಲ್‌ಗಳೂ ಜೊತೆಗೇ ಬಂದವು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಬೇಕಾಯಿತು. 2022ರಲ್ಲಿ ಆ ಕಡ್ಡಾಯವೂ ಹೋಯ್ತು. ಜಾತ್ರೆ ಮಾತ್ರ ನಿಲ್ಲಲಿಲ್ಲ. ನ್ಯಾಕ್‌ಗೆ ತೋರಿಸೋ ಫೈಲಿನಲ್ಲಿ ಎಷ್ಟು ಸೆಮಿನಾರ್ ನಡೆಸಿದಿರಿ ಅನ್ನೋದಕ್ಕೆ ಒಂದು ಖಾನೆ ಇದೆಯಲ್ಲ.

ಇದೇ ಊರಲ್ಲಿ ಬೇರೆ ಥರದ ಸೆಮಿನಾರೂ ನಡೆಯುತ್ತೆ. ಒಬ್ಬರು, ಒಂದೇ ಪೇಪರ್, ಒಂದೂವರೆ ಗಂಟೆ. ಪೇಪರ್ ಇನ್ನೂ ಅರ್ಧ ಬೆಂದಿರುತ್ತೆ, ಬಂದವರು ಮೊದಲೇ ಓದಿಕೊಂಡಿರುತ್ತಾರೆ. ಎರಡನೇ ಸ್ಲೈಡಿಗೇ ಯಾರೋ ಕೈಯೆತ್ತಿ, ‘ನೀವು ಕಾರಣ ಅಂದುಕೊಂಡಿರೋದು ಪರಿಣಾಮ ಯಾಕಿರಬಾರದು?’ ಅಂತಾರೆ. ಮಾತಾಡಲು ಬಂದವರ ಮುಖ ಕೆಂಪಾಗುತ್ತೆ, ಆದರೆ ನೋಟ್‌ಬುಕ್ ತುಂಬುತ್ತೆ. ಶಾಲು ಇಲ್ಲ, ಬಿಸ್ಕತ್ತು ಕಾಫಿ ಅಷ್ಟೇ. ಅಲ್ಲೂ ಹೂವಿನವಳ ಬಗ್ಗೆ ಬರೆದದ್ದು ಹೂವಿನವಳಿಗೆ ತಲುಪಲ್ಲ, ಅದು ಇನ್ನೊಂದು ಜಗಳ. ಆದರೆ ಕೇಳುವವರಾದರೂ ಇರ್ತಾರೆ.

‘ಚಿಕ್ಕ ಕಾಲೇಜುಗಳು, ಪಾಪ, ಹುಡುಗರಿಗೆ ಒಂದು ವೇದಿಕೆ ಸಿಗಲಿ ಬಿಡಿ’ ಅಂತಾರೆ ನನ್ನ ಸ್ನೇಹಿತರು. ಯಾರ ವೇದಿಕೆ ಸ್ವಾಮಿ? ಬೆಳಗ್ಗೆ ಪೂರ್ತಿ ವೇದಿಕೆ ಮೇಲೆ ಇದ್ದವರು ನಾವು. ಐಟಿಯವರು, ಬ್ಯಾಂಕಿನವರು, ಹೊಸದಾಗಿ ಫೌಂಡರ್ ಆದವರು. ಪೇಟ ಸರಿಮಾಡಿಕೊಂಡು ಫೋಟೋ ತೆಗೆಸಿಕೊಂಡು, ಸಂಜೆ ಲಿಂಕ್ಡ್‌ಇನ್‌ನಲ್ಲಿ ‘ಆನರ್ಡ್ ಅಂಡ್ ಹಂಬಲ್ಡ್’ ಅಂತ ಹಾಕಿದವರೂ ನಾವೇ. ನನ್ನ ಪೋಸ್ಟಿಗೆ 312 ಲೈಕ್ ಬಂದಿತ್ತು. 70 ಪೇಪರ್ ಬದಲು 5 ಆರಿಸಿ, ಅವರ ಬಸ್ ಚಾರ್ಜ್ ಕಾಲೇಜೇ ಕೊಟ್ಟು, ಕನ್ನಡದಲ್ಲಿ ಹೇಳ್ತೀನಿ ಅಂದವರಿಗೆ ಕನ್ನಡದಲ್ಲೇ ಹೇಳೋಕೆ ಬಿಟ್ಟು, ಒಂದೊಂದು ಗಂಟೆ ಕೂತು ಕೇಳೋದಕ್ಕೆ ಹಣ್ಣಿನ ಬುಟ್ಟಿಗಿಂತ ಹೆಚ್ಚು ಖರ್ಚಾಗಲ್ಲ.

ಹೋದ ವಾರ ಮತ್ತೆ ಫೋನ್ ಬಂತು, ಬೇರೆ ಕಾಲೇಜು. ಬ್ಯಾನರ್‌ಗೆ ಫೋಟೋ ಕಳಿಸಿ ಅಂದ್ರು. ಕಳಿಸ್ತೀನಿ, ನನ್ನ ಸೆಷನ್ನಿನ ಪೇಪರ್‌ಗಳನ್ನ ಒಂದು ವಾರ ಮೊದಲು ನನಗೆ ಕಳಿಸ್ತೀರಾ, ಓದ್ಕೊಂಡು ಬರ್ತೀನಿ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಪೇಪರ್ ಯಾಕೆ ಸಾರ್? ನೀವು ಬರೀ ಚೇರ್ ಮಾಡೋದಲ್ವಾ?’